ಲಕ್ಷ್ಮೀಬುಟ್ಟಿಯ ಬೊಂಬಾಯಿ ಚುಕ್ಕಿ

ಬೇಣಿಮಾಧವ ಗಲ್ಲಿಯ ನವತರುಣ ಸಂಘದ ಗೋಡೆಗೆ ಭವತೋಷ ಕುಂಡುವಿನ ಫೋಟೋ ಏರಿದ ದಿನವೇ ನಟವರ ಸಾಮಂತನಿಗೆ ಎದೆಯುರಿ ಶುರುವಾಯಿತು. ಹೆಂಡತಿ ಕನಕಲತಾ ಜೀರಿಗೆ ಕಷಾಯ ಮಾಡಿಕೊಟ್ಟಳು. ಜೀರಿಗೆ ಕಷಾಯ ಅಜೀರ್ಣಕ್ಕೆ ಒಳ್ಳೆಯದು, ಇಲ್ಲವೆಂದವರಾರು? ಆದರೆ ಬಾಲ್ಯದ ಗೆಳೆಯನ ಫೋಟೋದ ಕೆಳಗೆ ಕೆಂಪು ಬಣ್ಣದಲ್ಲಿ ‘ಮುದ್ರಾವಿಶಾರದ’ ಎಂದು ಬರೆದಿರುವುದನ್ನು ಅಳಿಸುವ ಶಕ್ತಿ ಅದಕ್ಕಿಲ್ಲ.

ನವತರುಣ ಸಂಘದಲ್ಲಿ ತರುಣರೆಂಬವರು ಯಾರೂ ಉಳಿದಿರಲಿಲ್ಲ. ಸಂಘ ಹುಟ್ಟಿದಾಗ ತರುಣರಾಗಿದ್ದವರೇ ಈಗಲೂ ಸದಸ್ಯರು. ಕೂದಲು ಉದುರಿದ ಹಾಗೆ ಹೆಸರನ್ನು ಉದುರಿಸಲು ಯಾರಿಗೂ ಮನಸ್ಸಾಗಿರಲಿಲ್ಲ. ಕುಂಡುವಿಗೆ ಕಲ್ಕತ್ತೆಯ ಆ ಗಲ್ಲಿಯ ಮೂಲೆಯಲ್ಲೇ ಛತ್ರಿ ಅಂಗಡಿ. ನಟವರ ಒಂದು ಔಷಧಿ ಕಂಪನಿಯಲ್ಲಿ ಗುಮಾಸ್ತ. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು, ಒಂದೇ ಲೆಕ್ಕದಲ್ಲಿ ಫೇಲಾದವರು. ಹಾಗೆ ಫೇಲಾದ ಗೆಳೆಯ ಹಾಗೇ ಇದ್ದಿದ್ದರೆ ಸ್ನೇಹಕ್ಕೇನೂ ಧಕ್ಕೆಯಿರಲಿಲ್ಲ. ಆದರೆ ಕುಂಡು ಹಳೆಯ ನಾಣ್ಯ ಕೂಡಿಡುವ ಗೀಳು ಹಚ್ಚಿಕೊಂಡ, ಗಡಿಯಾರ ರಿಪೇರಿಯವನ ಭೂತಕನ್ನಡಿಯೊಂದನ್ನು ಕಣ್ಣಿಗೆ ಸಿಕ್ಕಿಸಿಕೊಂಡ, ಪಂಡಿತನಾದ, ಮುದ್ರಾವಿಶಾರದನಾದ.

ಹರುವಿನ ಚಹಾ ಅಂಗಡಿಯೇ ಅವನ ವಿದ್ಯಾಪೀಠ. ಯಾರಾದರೂ ಒಂದು ನಾಣ್ಯ ತಂದರೆ ಸಾಕು, ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಡುತ್ತಿದ್ದರು.

“ಇಸವಿ ಕೆಳಗೆ ನೋಡಿ,” ಎನ್ನುತ್ತಿದ್ದ ಕುಂಡು, ಒಂದು ಕಣ್ಣು ಮುಚ್ಚಿ. “ವಜ್ರದ ಆಕಾರ ಇದ್ರೆ ಬೊಂಬಾಯಿ ಟಂಕಸಾಲೆ. ನಕ್ಷತ್ರ ಇದ್ರೆ ಹೈದರಾಬಾದು. ರಾಜನ ಕಾಲದ ಬೆಳ್ಳಿ ಆದ್ರೆ, ಹಿಂದುಗಡೆ ಬಳ್ಳಿಯ ಬುಡದಲ್ಲಿ ಒಂದು ತಾವರೆ ಇದೆಯಲ್ಲ, ಅದರ ಕೆಳಗೆ ಚುಕ್ಕಿ ಇದ್ರೆ ಬೊಂಬಾಯಿ. ಏನೂ ಇಲ್ಲ ಅಂದ್ರೆ...”

ಇಲ್ಲಿ ಅವನು ನಿಲ್ಲಿಸುತ್ತಿದ್ದ. ಹರು ಒಲೆಯ ಗಾಳಿ ಕಡಿಮೆ ಮಾಡುತ್ತಿದ್ದ.

“ಏನೂ ಇಲ್ಲ ಅಂದ್ರೆ, ನಮ್ಮದು. ಕಲ್ಕತ್ತೆ.”

“ನಮ್ಮದಕ್ಕೆ ಯಾಕೆ ಗುರುತಿಲ್ಲ, ಭವತೋಷದಾ?” ಎಂದು ಹರು ದಿನವೂ ಕೇಳುತ್ತಿದ್ದ. ಉತ್ತರ ಅವನಿಗೆ ಗೊತ್ತಿಲ್ಲದೇ ಅಲ್ಲ.

“ಬೇರೆ ಊರಿನವರು ತಾವು ಯಾರು ಅಂತ ಹೇಳ್ಕೋಬೇಕು ಕಣೋ. ಅರಮನೆ ಬಾಗಿಲಿಗೆ ಯಾರಾದ್ರೂ ಹೆಸರಿನ ಹಲಗೆ ತಗಲಿಸ್ತಾರಾ?”

ಇಡೀ ಬೆಂಚು ಎದೆಯುಬ್ಬಿಸಿ ಉಸಿರು ಬಿಡುತ್ತಿತ್ತು. ಜೇಬಿನಲ್ಲಿ ಬಸ್ಸಿನ ಚಿಲ್ಲರೆಯೂ ಇಲ್ಲದವನಿಗೆ, ಗುರುತೇ ಇಲ್ಲದ ಊರಿನವನು ತಾನು ಎಂಬ ಗುರುತು ಸಿಕ್ಕಿಬಿಟ್ಟಿತ್ತು. ನಟವರ ಮಾತ್ರ ಮೂಲೆಯಲ್ಲಿ ಕೂತು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಕರಗಿ ಮುಳುಗುವವರೆಗೂ ಎತ್ತದೆ ನೋಡುತ್ತಿದ್ದ.

ಸಂಘದ ವಾರ್ಷಿಕ ಪ್ರದರ್ಶನಕ್ಕೆ ಇನ್ನು ಹತ್ತು ಹನ್ನೆರಡು ದಿನವಿತ್ತು. ಅದರ ನಟ್ಟನಡುವಿನ ಗಾಜಿನ ಪೆಟ್ಟಿಗೆ ಈ ಸಲ ಕುಂಡುವಿನ ನಾಣ್ಯಗಳಿಗೆ ಎಂದು ತೀರ್ಮಾನವಾಗಿತ್ತು. ನಟವರ ಸುಮ್ಮನಿರಲಾರದೆ ಕುಂಡುವಿನಿಂದ ನಾಣ್ಯಗಳ ಪುಸ್ತಕವನ್ನು ಎರವಲು ತಂದ. ಓದಿ ತಿಳಿಯುವುದಕ್ಕಲ್ಲ, ಕುಂಡು ಹೇಳುವುದರಲ್ಲಿ ಎಲ್ಲಾದರೂ ತಪ್ಪು ಸಿಗುತ್ತದೆಯೇ ಎಂದು ಹುಡುಕುವುದಕ್ಕೆ. ಸಿಗಲಿಲ್ಲ. ಎದೆಯುರಿ ಹೆಚ್ಚಾಯಿತು.

ಹೀಗಿರುವಾಗ ಗುರುವಾರ ಬಂತು.

ಸಾಮಂತರ ಮನೆಯಲ್ಲಿ ಗುರುವಾರ ಲಕ್ಷ್ಮಿಯ ದಿನ. ದೇವರ ಗೂಡಿನಲ್ಲಿ ಕೆಂಪು ಬಟ್ಟೆ ಸುತ್ತಿದ ಬೆತ್ತದ ಬುಟ್ಟಿ. ಅದರ ತುಂಬ ಭತ್ತ, ಕವಡೆ, ಭತ್ತದೊಳಗೆ ಬೆಳ್ಳಿ ನಾಣ್ಯ. ವಾರದ ಉಳಿದ ದಿನ ಆ ಬುಟ್ಟಿಯನ್ನು ಮುಟ್ಟುವಂತಿಲ್ಲ. ಅದರ ಕಾವಲಿಗೆ ನಟವರನ ಸೋದರತ್ತೆ ಇದ್ದಳು. ಗಲ್ಲಿಗೆಲ್ಲ ಅವಳು ಪಿಶೀಮಾ. ಹಲ್ಲಿಲ್ಲ, ಮಂಡಿಯಿಲ್ಲ, ಸಂಶಯ ಮಾತ್ರ ಸೊಂಪಾಗಿತ್ತು.

“ನಟು, ಹೊಸ ಭತ್ತ ಬಂದಿದೆ. ಹಳೇದು ಸ್ವಲ್ಪ ತೆಗೆದು ಇದನ್ನ ಹಾಕು. ಸ್ನಾನ ಆಗಿದೆ ತಾನೇ?”

ನಟವರ ಭತ್ತದೊಳಗೆ ಕೈ ಹಾಕಿದ. ಬೆರಳಿಗೆ ಒಂದು ನಾಣ್ಯ ತಗಲಿತು. ಎತ್ತಿ ನೋಡಿದ. ಕಿರೀಟ ಹೊತ್ತ ರಾಜನ ಎಂಟಾಣೆ. ಕುಂಡುವಿನ ದೆಸೆಯಿಂದ ಈಗ ಗಲ್ಲಿಯಲ್ಲಿ ಯಾರ ಕೈಗೆ ಯಾವ ನಾಣ್ಯ ಬಂದರೂ ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ. ಅವನೂ ತಿರುಗಿಸಿದ. ಬಳ್ಳಿ, ಬಳ್ಳಿಯ ಬುಡದಲ್ಲಿ ತಾವರೆ, ತಾವರೆಯ ಕೆಳಗೆ, ಸಾಸಿವೆಗಿಂತ ಚಿಕ್ಕದಾಗಿ, ಉಬ್ಬಿ ಕೂತ ಒಂದು ಚುಕ್ಕಿ.

ಓಡಿಹೋಗಿ ಪುಸ್ತಕ ತೆರೆದ. ಆ ಇಸವಿಯ ಎಂಟಾಣೆ ಅಚ್ಚಾಗಿದ್ದು ಕಲ್ಕತ್ತೆಯಲ್ಲಿ ಮಾತ್ರ ಎಂದಿತ್ತು. ಬೊಂಬಾಯಿಯಲ್ಲಿ ಅಚ್ಚಾಗಿಯೇ ಇಲ್ಲ. ಅಂದರೆ ಇರಲೇಬಾರದ ನಾಣ್ಯವೊಂದು ಇಷ್ಟು ವರ್ಷ ತನ್ನ ಮನೆಯ ಭತ್ತದಲ್ಲಿ ತಣ್ಣಗೆ ಮಲಗಿತ್ತು. ನಟವರನ ಎದೆಯುರಿ ಆ ಕ್ಷಣವೇ ಇಳಿಯಿತು. ಕಷಾಯದ ಕೀರ್ತಿ ಕಷಾಯಕ್ಕೇ ಸಲ್ಲಲಿ ಎಂದು ಕನಕಲತಾಗೆ ಏನೂ ಹೇಳದೆ ಅವನು ಹರುವಿನ ಅಂಗಡಿಗೆ ಹೊರಟ.

ಕುಂಡು ನಾಣ್ಯವನ್ನು ಭೂತಕನ್ನಡಿಗೆ ಹಿಡಿದ. ಇಸವಿ ನೋಡಿದ, ತಿರುಗಿಸಿದ, ಉಜ್ಜಿದ, ಮತ್ತೆ ಇಸವಿ ನೋಡಿದ. ಭೂತಕನ್ನಡಿಯನ್ನು ಅಂಗಿಯ ಚುಂಗಿಗೆ ಒರೆಸಿ ಮತ್ತೊಮ್ಮೆ ಸಿಕ್ಕಿಸಿಕೊಂಡ.

“ಏನಾಯ್ತು ಭವ, ಕಣ್ಣು ಮಂಜಾ?” ಎಂದ ನಟವರ ಬಹಳ ಕಾಳಜಿಯಿಂದ.

“ಚುಕ್ಕಿ ಇದೆ,” ಎಂದ ಕುಂಡು.

“ಜೋರಾಗಿ ಹೇಳು. ಹರುಗೆ ಕೇಳಿಸ್ಲಿಲ್ಲ.”

“ಚುಕ್ಕಿ ಇದೆ ಅಂದೆನಲ್ಲ.” ಕುಂಡು ನಾಣ್ಯವನ್ನು ಬೆಂಚಿನ ಮೇಲಿಟ್ಟ, ಕೈ ಸುಟ್ಟದ್ದನ್ನು ಇಟ್ಟ ಹಾಗೆ. “ಎಲ್ಲಿ ಸಿಕ್ತು ನಿಮಗೆ, ನಟವರಬಾಬು?”

ನಟವರಬಾಬು. ನಿಮಗೆ. ನಿಕ್ಕರಿನ ಕಾಲದಿಂದ ‘ಏನೋ ನಟು’ ಎನ್ನುತ್ತಿದ್ದ ಬಾಯಿ ಅದು. ಒಬ್ಬ ಮನುಷ್ಯನ ಹೊಟ್ಟೆಯುರಿ ಇಷ್ಟು ಮರ್ಯಾದೆಯ ಮಾತಾಡಬಲ್ಲದೆಂದು ನಟವರನಿಗೆ ಗೊತ್ತಿರಲಿಲ್ಲ. ಅವನಿಗೆ ಸ್ವಲ್ಪ ನೋವಾಯಿತು. ಅದಕ್ಕಿಂತ ಬಹಳ ಹೆಚ್ಚಾಗಿ ಸಂತೋಷವಾಯಿತು.

ಸುದ್ದಿ ಗಲ್ಲಿಯ ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲಿಂದ ಮೈದುಂಬಿಕೊಂಡು ಸಾಮಂತರ ಮನೆಗೆ ಬಂತು. ಪಿಶೀಮಾಳ ಕಿವಿಗೆ ಬಿದ್ದಾಗ ಅದು ಹೀಗಿತ್ತು: ಮನೆಯ ಲಕ್ಷ್ಮಿ ಬೊಂಬಾಯಿಯವಳು.

ಪಿಶೀಮಾ ದೇವರ ಗೂಡಿನ ಮುಂದೆ ಕುಸಿದು ಕೂತಳು.

“ಹೌದಾ ನಟು? ಇಷ್ಟು ವರ್ಷ ನಾನು ಗುರುವಾರ ಗುರುವಾರ ಬಾಯಿ ಒಣಗಿಸ್ಕೊಂಡು ವ್ರತದ ಕತೆ ಓದಿದ್ದು ಬೊಂಬಾಯಿಯವಳಿಗಾ?”

“ನಾಣ್ಯ ಅಲ್ಲಿ ಅಚ್ಚಾದದ್ದು ಪಿಶೀಮಾ. ಅಷ್ಟೇ.”

“ಅಷ್ಟೇ ಅಂತೆ. ಅದಕ್ಕೇ ಮತ್ತೆ, ಎಷ್ಟು ಬೇಡಿಕೊಂಡ್ರೂ ಈ ಮನೆಗೆ ಏನೂ ಹತ್ತಲಿಲ್ಲ. ಪಾಪ, ಅವಳಿಗೆ ನಮ್ಮ ಮಾತೇ ತಿಳಿಯಲ್ಲ. ನಾನು ‘ಮನೆ ತುಂಬಿಸು ತಾಯಿ’ ಅಂದ್ರೆ ಅವಳು ಇನ್ನೇನೋ ಅಂದ್ಕೊಂಡಿರ್ತಾಳೆ.”

ಪುರೋಹಿತ ಭಟ್ಟಾಚಾರ್ಯರಿಗೆ ಹೇಳಿಕಳಿಸಿದರು. ಅವರು ಬಂದು, ತೆಂಗಿನ ಉಂಡೆ ತಿಂದು, ಯೋಚಿಸಿದರು.

“ದೇವರಿಗೆ ಎಲ್ಲಾ ಭಾಷೆ ಬರುತ್ತಮ್ಮ.”

“ದೇವರಿಗೆ ಬರುತ್ತೆ. ಬೊಂಬಾಯಿಯವರಿಗೆ ಬರಲ್ಲ,” ಎಂದಳು ಪಿಶೀಮಾ.

ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಭಟ್ಟಾಚಾರ್ಯರು ಬುಟ್ಟಿಗೆ ಕೆಂಪು ದಾರ ಸುತ್ತಿ ಏಳು ಗಂಟು ಹಾಕಿದರು. ಹೊರಗೆ ಬಂದ ನಾಣ್ಯ ಹೊರಗೇ ಇರಲಿ, ಅದರ ಹುಟ್ಟೂರು ಇತ್ಯರ್ಥವಾಗುವವರೆಗೆ ಬುಟ್ಟಿಯನ್ನು ಯಾರೂ ಬಿಚ್ಚಕೂಡದು ಎಂದು ಅಪ್ಪಣೆಯಾಯಿತು. ಪಿಶೀಮಾ ಬುಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು.

ವಿಚಿತ್ರವೆಂದರೆ ಮನೆಯ ಹೆಂಗಸರು. ಗಂಡನಿಗೆ ಹೆಸರು ಬರುತ್ತಿದೆಯೆಂದು ಕನಕಲತಾ ಹಿಗ್ಗಬೇಕಾಗಿತ್ತು. ಅವಳು ಬಚ್ಚಲ ಬಾಗಿಲಲ್ಲಿ ಅವನನ್ನು ಅಡ್ಡಗಟ್ಟಿ, “ಏನೂಂದ್ರೆ, ಆ ನಾಣ್ಯ ಲಕ್ಷ್ಮಿಗೆ ವಾಪಸ್ ಕೊಟ್ಬಿಡಿ,” ಎಂದಳು. ಅರ್ಧ ಗಂಟೆ ಕಳೆದಿರಲಿಲ್ಲ, ನಟವರನ ತಮ್ಮ ಗೌರನ ಹೆಂಡತಿ ರೇಬಾ, ಭಾವನ ಎದುರು ತಲೆಯ ಮೇಲಿನ ಸೆರಗು ಜಾರಗೊಡದವಳು, ಬಾಗಿಲ ಮರೆಯಿಂದ, “ದಾದಾ, ಬುಟ್ಟಿಯಿಂದ ಯಾವ ನಾಣ್ಯ ತಗೊಂಡ್ರಿ?” ಎಂದಳು.

“ಕೈಗೆ ಸಿಕ್ಕಿದ್ದು.”

“ಚುಕ್ಕಿ ಇರೋದನ್ನೇ?”

“ಹೌದಮ್ಮ, ಅದೇ ತಾನೇ ವಿಶೇಷ.”

“ಅಯ್ಯೋ,” ಎಂದು ಬಾಗಿಲು ಮುಚ್ಚಿಕೊಂಡಿತು.

ಹೊಟ್ಟೆಕಿಚ್ಚು, ಎಂದುಕೊಂಡ ನಟವರ. ಹೊಸದಾಗಿ ಕೀರ್ತಿ ಬಂದವನಿಗೆ ಜಗತ್ತೆಲ್ಲ ಒಂದೇ ಬಣ್ಣದಲ್ಲಿ ಕಾಣಿಸುತ್ತದೆ.

ಸಂಘದ ಕಾರ್ಯದರ್ಶಿ ಶಿಬುಬಾಬು ಸ್ವತಃ ಮನೆಗೆ ಬಂದು ನಾಣ್ಯವನ್ನು ಒಯ್ದ. ನಡುವಿನ ಗಾಜಿನ ಪೆಟ್ಟಿಗೆ ಈಗ ನಟವರನಿಗೆ. ಕುಂಡುವಿನ ನಾಣ್ಯಗಳು ಕೇರಂ ಬೋರ್ಡಿನ ಪಕ್ಕ, ಚಪ್ಪಲಿ ಬಿಡುವ ಕಡೆ. ಮ್ಯೂಸಿಯಮ್ಮಿನಿಂದ ನಾಣ್ಯ ವಿಭಾಗದ ಅಧಿಕಾರಿಣಿಯೊಬ್ಬರು ಬಂದು ಎಲ್ಲರೆದುರು ಅದನ್ನು ಪರೀಕ್ಷಿಸುತ್ತಾರೆ. ಗೋಡೆಯ ಮೇಲೆ ಇನ್ನೊಂದು ಫೋಟೋಗೆ ಮೊಳೆ ಹೊಡೆದೂ ಆಗಿತ್ತು. ಕುಂಡುವಿನ ಫೋಟೋಗಿಂತ ಒಂದು ಗೇಣು ಮೇಲೆ.

ನಟವರ ಆ ಮೊಳೆಯನ್ನು ನೋಡುವುದಕ್ಕೆಂದೇ ದಿನಾ ಸಂಘಕ್ಕೆ ಹೋಗಿಬರತೊಡಗಿದ.

ಪ್ರದರ್ಶನಕ್ಕೆ ಎರಡು ದಿನವಿರುವಾಗ ಕನಕಲತಾ ಈಳಿಗೆಮಣೆಯ ಮುಂದೆ ಕೂತು ಮೀನು ಕೊಯ್ಯುತ್ತಿದ್ದಳು. ರೇಬಾ ಮಾಳಿಗೆಯ ಮೇಲೆ ಬಟ್ಟೆ ಹರವಲು ಹೋಗಿದ್ದಳು. ನಟವರ ಫೋಟೋಗೆ ಕೋಟು ಹಾಕಿಕೊಳ್ಳುವುದೋ ಶಾಲು ಹೊದೆಯುವುದೋ ಎಂದು ಕೇಳಲು ಒಳಗೆ ಬಂದ.

“ಆ ಚುಕ್ಕಿ ನಾನು ಹಾಕಿಸಿದ್ದು,” ಎಂದಳು ಕನಕಲತಾ, ಮೀನಿನ ತಲೆಯನ್ನು ಬೇರೆ ಮಾಡುತ್ತ.

“ಯಾವ ಚುಕ್ಕಿ?”

“ನಿಮ್ಮ ಬೊಂಬಾಯಿ ಚುಕ್ಕಿ. ಅಕ್ಕಸಾಲಿ ಪಂಚಾನನನ ಅಂಗಡೀಲಿ. ಬೆಳ್ಳಿ ಬೆಸುಗೆ ಒಂದು ತೊಟ್ಟು.”

ನಟವರ ಮಣೆ ಹುಡುಕಿದ, ಸಿಗಲಿಲ್ಲ, ನೆಲದ ಮೇಲೇ ಕೂತ.

ಸಂಗತಿ ಇಷ್ಟೇ. ಗೌರನ ಮದುವೆಯಾದಾಗ ಅತ್ತೆ, ಅಂದರೆ ನಟವರನ ತಾಯಿ, ಬದುಕಿದ್ದಳು. ಬುಟ್ಟಿಯಲ್ಲಿದ್ದ ಜೋಡಿ ಎಂಟಾಣೆಗಳನ್ನು ತೋರಿಸಿ, ಒಂದು ಹಿರಿಸೊಸೆಯದು, ಒಂದು ಕಿರಿಸೊಸೆಯದು, ಎರಡೂ ಈ ಬುಟ್ಟಿಯಲ್ಲೇ ಇರಲಿ ಎಂದಿದ್ದಳು. ಎರಡೂ ಒಂದೇ ಇಸವಿಯವು. ಕನಕಲತಾಳ ಕಣ್ಣಿಗೆ ಮಾತ್ರ ತನ್ನದು ಒಂದು ಚೂರು ಹೆಚ್ಚು ಹೊಳೆಯುತ್ತಿತ್ತು. ರೇಬಾಳೋ ಹೊಸಬಳು, ಬಾಯಿ ಜೋರು, ತವರು ಹತ್ತಿರ. ಎಂದಾದರೂ ಬದಲಾಯಿಸಿಬಿಟ್ಟರೆ?

“ಗುರುತಿಗೆ ಅಂತ ಹಾಕಿಸ್ದೆ. ತಾವರೆ ಕೆಳಗೆ ಜಾಗ ಇತ್ತು.”

“ಹಾಗಾದ್ರೆ ಈಗಲೇ ಹೋಗಿ ಹೇಳಿಬಿಡ್ತೀನಿ...”

“ಹೇಳಿ. ರೇಬಾಗೆ ಗೊತ್ತಾಗ್ಲಿ. ‘ದೀದಿ ನನ್ನನ್ನ ಕಳ್ಳಿ ಅಂದ್ಕೊಂಡು ಗುರುತು ಹಾಕಿಸಿದ್ರು’ ಅಂತ ಅವಳು ಅವತ್ತೇ ಒಲೆ ಬೇರೆ ಮಾಡ್ತಾಳೆ. ತನ್ನ ಪಾಲಿನ ಲಕ್ಷ್ಮಿ ಎತ್ಕೊಂಡು ಆ ಕಡೆ ಕೋಣೆಗೆ ಹೋಗ್ತಾಳೆ. ನಡುವೆ ಗೋಡೆ ಏಳುತ್ತೆ. ಆಮೇಲೆ ನನ್ನ ಕೈಯಡುಗೆ ನೀವೊಬ್ಬರೇ ಕೂತು ಉಣ್ಣಿ.”

ಈ ಕೊನೆಯ ಮಾತು ನಟವರನನ್ನು ತಟ್ಟಿತು. ಮನೆಯಲ್ಲಿ ಮೀನು ಬೇಯಿಸುತ್ತಿದ್ದವಳು ರೇಬಾ, ಕನಕಲತಾ ಕೊಯ್ಯುತ್ತಿದ್ದಳಷ್ಟೆ. ಅಡುಗೆಯ ಮಾತು ಪಕ್ಕಕ್ಕಿರಲಿ, ಗೌರ ಎದುರಿಗೆ ಕೂತು ಮುಳ್ಳು ಬಿಡಿಸಿಕೊಡದೆ ನಟವರ ತನ್ನ ಜನ್ಮದಲ್ಲಿ ಮುಳ್ಳೇ ತುಂಬಿದ ಹಿಲ್ಸಾ ಮೀನು ಉಂಡವನಲ್ಲ. ಗೋಡೆಯಾಚೆಯಿಂದ ಯಾರೂ ಮುಳ್ಳು ಬಿಡಿಸಿಕೊಡಲಾರರು.

ನಾಣ್ಯವನ್ನು ಸದ್ದಿಲ್ಲದೆ ವಾಪಸು ಪಡೆಯುವುದೇ ಸರಿ ಎಂದು ಅವನು ಸಂಘಕ್ಕೆ ಹೋದ. ಮಾತು ಶುರುಮಾಡುವ ಮೊದಲೇ ಚಪ್ಪಲಿಗಳ ಪಕ್ಕದಿಂದ ಕುಂಡುವಿನ ದನಿ ಬಂತು.

“ಏನು, ನಟವರಬಾಬು ಹಿಂದೆ ಸರೀತಿದ್ದಾರಾ? ಸರೀಲಿ ಪಾಪ. ಮ್ಯೂಸಿಯಮ್ಮಿನವರು ಅಂದ್ರೆ ತಮಾಷೇನಾ?”

“ಯಾರು ಸರಿದ್ರು? ಪೆಟ್ಟಿಗೆಗೆ ಬೀಗ ಇದೆಯಾ ಅಂತ ನೋಡೋಕೆ ಬಂದೆ,” ಎಂದು ನಟವರ ಹಿಂತಿರುಗಿದ. ಮನುಷ್ಯ ಎಷ್ಟೋ ಸಲ ಬಾವಿಗೆ ಬೀಳುವುದು ದಡದಲ್ಲಿ ನಿಂತವನು ‘ಹುಷಾರು’ ಅಂದನೆಂಬ ಸಿಟ್ಟಿಗೇ.

ಉಳಿದಿದ್ದು ಅಕ್ಕಸಾಲಿಗ ಪಂಚಾನನನ ಬಾಯಿ ಕಟ್ಟುವುದು. ನಟವರ ಅವನ ಅಂಗಡಿಯ ಪರದೆ ಸರಿಸಿದರೆ ಒಳಗೆ ಕುಂಡು ಕೂತಿದ್ದ. ಇಬ್ಬರೂ ಒಟ್ಟಿಗೇ ಬೆಚ್ಚಿದರು.

“ನನ್ನಾಕೆಯ ಮೂಗುತಿ ಸಡಿಲ ಆಗಿತ್ತು,” ಎಂದ ಕುಂಡು.

“ನನ್ನ ಕನ್ನಡಕದ ತಿರುಪು,” ಎಂದ ನಟವರ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರೂ.

ಪಂಚಾನನನಿಗೆ ಕಿವಿ ಮಂದ, ಗಂಟಲು ಚುರುಕು. ಊದುಗೊಳವೆಯನ್ನು ಬಾಯಿಂದ ತೆಗೆದು, “ಏನು, ಇಬ್ಬರಿಗೂ ಚುಕ್ಕೀನಾ?” ಎಂದು ಬೀದಿಗೆ ಕೇಳುವಂತೆ ಕೂಗಿದ. “ಈ ವಾರ ಎಲ್ಲರಿಗೂ ಚುಕ್ಕಿ. ಹಾಕೋಣ, ಹಾಕೋಣ. ಸಾಲಾಗಿ ಬನ್ನಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ದಿಕ್ಕಿಗೆ ನಡೆದರು. ‘ಎಲ್ಲರಿಗೂ’ ಎಂದರೆ ಯಾರ್‍ಯಾರಿಗೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಇಬ್ಬರಿಗೂ ಆಗ ಬರಲಿಲ್ಲ. ಬಾಲ್ಯದಲ್ಲೂ ಅವರು ಫೇಲಾಗುತ್ತಿದ್ದುದು ಕೂಡುವ ಲೆಕ್ಕದಲ್ಲೇ.

ಭಾನುವಾರ ಸಂಘದ ಹಜಾರ ತುಂಬಿತು. ಮ್ಯೂಸಿಯಮ್ಮಿನ ಅಪರಾಜಿತಾ ಲಾಹಿರಿ ಸಣ್ಣ ಆಳು, ದಪ್ಪ ಕನ್ನಡಕ. ಶಿಬುಬಾಬು ಹಾಕಿದ ಚೆಂಡುಹೂವಿನ ಹಾರ ಅವರ ಮಂಡಿ ಮುಟ್ಟುತ್ತಿತ್ತು. ಹೆಂಗಸರ ಸಾಲಿನ ಒಂದು ಕೊನೆಯಲ್ಲಿ ಕನಕಲತಾ, ಇನ್ನೊಂದು ಕೊನೆಯಲ್ಲಿ ರೇಬಾ, ನಡುವೆ ಮಡಿಲಲ್ಲಿ ಗಂಟು ಹಾಕಿದ ಬುಟ್ಟಿ ಇಟ್ಟುಕೊಂಡ ಪಿಶೀಮಾ. ತೀರ್ಪನ್ನು ಲಕ್ಷ್ಮಿ ತಾನೇ ಕೇಳಲಿ ಎಂದು ಅವಳು ಬುಟ್ಟಿಯನ್ನೇ ತಂದಿದ್ದಳು. ಸಂದೇಶ್ ಮಿಠಾಯಿ ಹಂಚುತ್ತಾರೆಂದು ತಿಳಿದು ಪಂಚಾನನ ಮುಂದಿನ ಸಾಲಿನಲ್ಲೇ ಇದ್ದ.

ಲಾಹಿರಿ ನಾಣ್ಯವನ್ನು ಎತ್ತಿ ಬೆಳಕಿಗೆ ಹಿಡಿದರು.

“ಚುಕ್ಕಿ ಇದೆ,” ಎಂದರು.

ಹಜಾರ ಚಪ್ಪಾಳೆ ತಟ್ಟಿತು. ನಟವರ ಮೊಳೆಯ ಕಡೆ ನೋಡಿದ. ಆಗ ಚಪ್ಪಲಿಗಳ ಪಕ್ಕದಿಂದ ಕುಂಡು ಎದ್ದ.

“ಕ್ಷಮಿಸಬೇಕು ದೀದಿ. ಅಂಥದ್ದು ನನ್ನ ಹತ್ತಿರವೂ ಒಂದಿದೆ. ದೊಡ್ಡಸ್ತಿಕೆ ಬೇಡ ಅಂತ ಇಷ್ಟು ದಿನ ಸುಮ್ಮನಿದ್ದೆ.”

“ನನ್ನ ಹತ್ರಾನೂ ಇದೆ,” ಎಂದ ಹರು, ಕೆಟಲು ಕೆಳಗಿಟ್ಟು. “ನಮ್ಮಜ್ಜಂದು.”

ಶಿಬುಬಾಬು ಕೆಮ್ಮಿದ. “ಕಾರ್ಯದರ್ಶಿ ಹೇಳಬಾರದು. ಆದರೂ ಇದೆ.”

ಲಾಹಿರಿ ನಾಲ್ಕು ನಾಣ್ಯಗಳನ್ನೂ ಒಂದು ಸಾಲಿನಲ್ಲಿ ಇಟ್ಟರು. ಜಗತ್ತಿನಲ್ಲಿ ಇರಲೇಬಾರದ ಎಂಟಾಣೆ ಒಂದೇ ಗಲ್ಲಿಯಲ್ಲಿ ನಾಲ್ಕು. ಅವರು ಒಂದೊಂದನ್ನೂ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತೂ ಪಂಚಾನನ ಮಿಠಾಯಿ ಜಗಿಯುವ ಸದ್ದೊಂದೇ ಕೇಳಿಸುತ್ತಿತ್ತು.

“ಬೊಂಬಾಯಿಯ ಚುಕ್ಕಿ ಅಚ್ಚಿನಿಂದಲೇ ಎದ್ದು ಬಂದಿರುತ್ತೆ,” ಎಂದರು ಕೊನೆಗೆ. “ಇವು ಮೇಲಿಂದ ಬಂದು ಕೂತಿವೆ. ಬೆಸುಗೆ. ನಾಲ್ಕೂ ಎಡಕ್ಕೆ ವಾಲಿವೆ. ಒಂದೇ ಕೈ.” ಕುಂಡುವಿನ ನಾಣ್ಯವನ್ನು ಮತ್ತೊಮ್ಮೆ ಎತ್ತಿ ನಿಟ್ಟುಸಿರು ಬಿಟ್ಟರು. “ಇದು ಎಂಥ ಚೆಂದದ ಎಂಟಾಣೆ. ಒಂದು ಗೀರಿಲ್ಲ, ಸವೆತ ಇಲ್ಲ. ಏನೂ ಮಾಡದೆ ಬಿಟ್ಟಿದ್ರೆ ನಡುವಿನ ಪೆಟ್ಟಿಗೇಲಿ ಇಡಬೇಕಾದ್ದು ಇದನ್ನೇ.”

ಕುಂಡುವಿನಿಂದ ಛತ್ರಿ ಮಡಿಚಿದಾಗ ಬರುವಂಥ ಒಂದು ಸದ್ದು ಬಂತು. ಅವನು ಕೂತುಬಿಟ್ಟ.

“ಮೊದಲು ಬಂದದ್ದು ಇದು,” ಲಾಹಿರಿ ನಟವರನ ಎಂಟಾಣೆಯನ್ನು ತೋರಿಸಿದರು. “ಇದಕ್ಕೆ ಚುಕ್ಕಿ ಹಾಕಿಸಿದ್ದು ಯಾರು?”

ನಟವರ ಹೆಂಗಸರ ಸಾಲಿನ ಕಡೆ ನೋಡಿದ. ಕನಕಲತಾ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಇನ್ನೊಂದು ಕೊನೆಯಲ್ಲಿ ರೇಬಾಳ ಮುಖವೂ ಬಿಳಿಚಿತ್ತು. ಅದೇಕೆಂದು ಯೋಚಿಸಲು ವ್ಯವಧಾನವಿರಲಿಲ್ಲ. ಅವನು ಗೋಡೆಯ ಮೊಳೆಯನ್ನು ಕೊನೆಯ ಸಲ ನೋಡಿದ. ಬಹಳ ನೇರವಾಗಿ ಹೊಡೆದಿದ್ದರು.

“ನಾನೇ,” ಎಂದ. “ನಾನೇ ಹಾಕಿಸಿದ್ದು. ಭವತೋಷನ ಫೋಟೋ ನೋಡಿ ತಡೆಯೋಕೆ ಆಗ್ಲಿಲ್ಲ.”

ಎರಡನೆಯ ಮಾತಾದರೂ ನಿಜವಾಗಿತ್ತು. ಅದಕ್ಕೇ ಇರಬೇಕು, ಮೊದಲನೆಯದನ್ನೂ ಎಲ್ಲರೂ ನಂಬಿದರು. ಹಜಾರ ‘ಛೆ’ ಎಂದಿತು. ಕನಕಲತಾಳ ಬಾಯಿಂದ ಸೆರಗು ಜಾರಿತು. ಮದುವೆಯಾದಂದಿನಿಂದ ಆವರೆಗೆ ಅವಳು ಗಂಡನನ್ನು ಹಾಗೆ ನೋಡಿರಲಿಲ್ಲ. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ಪಂಚಾನನನ ಮಿಠಾಯಿ ಮುಗಿಯದೇ ಇದ್ದಿದ್ದರೆ.

“ಏನಂತೆ?” ಎಂದು ಅವನು ಪಕ್ಕದವನನ್ನು ಕೇಳಿದ.

“ಆ ಚುಕ್ಕಿ ನಟವರಬಾಬು ಹಾಕಿಸಿದ್ದಂತೆ,” ಎಂದು ಪಕ್ಕದವನು ಕಿವಿಯಲ್ಲಿ ಕೂಗಿದ.

ಪಂಚಾನನ ಎದ್ದು ನಿಂತ. “ಇವನಾ? ಇವನು ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದೇ ಮೊನ್ನೆ. ಅದೂ ಕನ್ನಡಕ ಇಲ್ದೆ ಕನ್ನಡಕ ರಿಪೇರಿಗೆ. ಆ ಚುಕ್ಕಿ ನೋಡಿ ದೀದಿ, ಅದು ನನ್ನ ಕೈ ಗಟ್ಟಿಯಿದ್ದಾಗಿನದು. ಈಗಿನ ಮೂರರ ಜೊತೆ ಅದನ್ನ ಸೇರಿಸ್ಬೇಡಿ. ಸಾಮಂತರ ಹಿರಿ ಸೊಸೆಗೆ ಹಾಕಿಕೊಟ್ಟಿದ್ದು.”

ರೇಬಾ ನಿಧಾನವಾಗಿ ತಲೆ ತಿರುಗಿಸಿ ಕನಕಲತಾಳನ್ನು ನೋಡಿದಳು. ನಟವರನಿಗೆ ಗೋಡೆ ಏಳುವ ಸದ್ದು, ಇಟ್ಟಿಗೆ ಇಟ್ಟಿಗೆಯಾಗಿ, ಕೇಳಿಸಿತು.

“ಅಥವಾ ಕಿರಿ ಸೊಸೇದೋ,” ಎಂದ ಪಂಚಾನನ, ಗಲ್ಲ ಕೆರೆಯುತ್ತ. “ಅವಳೂ ಬಂದಿದ್ದಳು, ಅದೇ ವಾರ. ಇಬ್ಬರೂ ಕದ್ದು ಬಂದ್ರು, ಇಬ್ಬರೂ ಅದೇ ಮಾತು. ‘ಪಂಚುದಾ, ನಂದು ಯಾವ್ದು ಅಂತ ಗೊತ್ತಾಗೋ ಹಾಗೆ ಒಂದು ಗುರುತು ಹಾಕಿ.’ ಹಾಕ್ದೆ.”

“ಇಬ್ಬರಿಗೂ ಒಂದೇ ಗುರುತಾ?” ಎಂದರು ಲಾಹಿರಿ.

“ಮತ್ತೆ? ನಾನು ಒಬ್ಬರಿಗೊಂದು ಒಬ್ಬರಿಗೊಂದು ಮಾಡೋನಲ್ಲ.”

ಪಿಶೀಮಾ ಅಲ್ಲೇ ಹಲ್ಲಿಲ್ಲದ ಬಾಯಿಂದ ದಾರ ಕಚ್ಚಲು ನೋಡಿ, ಸೋತು, ಶಿಬುಬಾಬುವಿನ ಕತ್ತರಿಯಿಂದ ಕತ್ತರಿಸಿದಳು. ಭತ್ತದೊಳಗಿನಿಂದ ಇನ್ನೊಂದು ಎಂಟಾಣೆ ಬಂತು. ತಾವರೆಯ ಕೆಳಗೆ ಚುಕ್ಕಿ. ಎಡಕ್ಕೆ ವಾಲಿದ್ದು.

“ಹಾಗಾದ್ರೆ ಲಕ್ಷ್ಮಿ ಯಾವೂರಿನವಳು?” ಎಂದು ಅವಳು ಲಾಹಿರಿಯವರನ್ನು ಕೇಳಿದಳು.

“ಕಲ್ಕತ್ತೆ, ಪಿಶೀಮಾ. ಎರಡೂ ಕಲ್ಕತ್ತೆ.”

“ಹಾಗಿದ್ರೆ ಮಾತು ಅರ್ಥ ಆಗ್ತಾ ಇತ್ತು,” ಎಂದಳು ಪಿಶೀಮಾ. ಅವಳ ದನಿ ಗಡುಸಾಯಿತು. “ಗೊತ್ತಿದ್ದೂ ಕೊಡ್ಲಿಲ್ಲ.”

ಜನ ಚದುರಿದರು. ಕುಂಡು ಮತ್ತು ನಟವರ ಒಟ್ಟಿಗೇ ಮನೆಯ ಕಡೆ ನಡೆದರು.

“ನಟು,” ಎಂದ ಕುಂಡು, ಗಲ್ಲಿಯ ನಲ್ಲಿಯ ಹತ್ತಿರ.

“ಏನೋ.”

“ನಿಂದು ಎಲ್ಲಕ್ಕಿಂತ ಜಾಸ್ತಿ ವಾಲಿತ್ತು.”

“ನಿಂದೇನು ನೆಟ್ಟಗಿತ್ತಾ?”

ಇಷ್ಟಾದ ಮೇಲೆ ಇಬ್ಬರಿಗೂ ಸ್ವಲ್ಪ ಹಗುರಾಯಿತು. ಆದರೆ ಮನೆಯ ಬಾಗಿಲಲ್ಲಿ ನಟವರನ ಕಾಲು ಮತ್ತೆ ಭಾರವಾಯಿತು. ಒಳಗೆ ಹಿತ್ತಾಳೆ ತಟ್ಟೆಯಲ್ಲಿ ಎರಡು ಎಂಟಾಣೆ. ಆ ಕಡೆ ಕನಕಲತಾ, ಈ ಕಡೆ ರೇಬಾ. ಗೌರ ಕಂಬಕ್ಕೆ ಆತು ನಿಂತಿದ್ದ.

“ನಾನು ಕದೀತೀನಿ ಅಂದ್ಕೊಂಡ್ರಾ ದೀದಿ?”

“ನಾನು ಬದಲಾಯಿಸ್ತೀನಿ ಅಂದ್ಕೊಂಡ್ಯಲ್ಲ, ನೀನು?”

“ಒಲೆ ಬೇರೆ ಮಾಡೋಣ. ನನ್ನ ಲಕ್ಷ್ಮಿ ನಂಗೆ ಕೊಡಿ.”

“ತಗೋ. ಯಾರು ಬೇಡ ಅಂದ್ರು? ನಿಂದು ತಗೋ.”

ರೇಬಾಳ ಕೈ ಮುಂದೆ ಬಂತು. ಬಲಗಡೆಯ ನಾಣ್ಯದ ಮೇಲೆ ನಿಂತಿತು. ಕನಕಲತಾಳ ಕಣ್ಣು ಕಿರಿದಾಯಿತು. ಕೈ ಎಡಗಡೆಗೆ ಸರಿಯಿತು. ಕನಕಲತಾಳ ಕಣ್ಣ ಮೇಲೆ ಯಾವುದೋ ನೆಮ್ಮದಿ ಹಾಯ್ದ ಹಾಗೆ ಕಂಡದ್ದೇ ಕೈ ಹಿಂದಕ್ಕೆ ಬಂತು.

“ಹೊಳೆಯೋದು ನಂದು,” ಎಂದಳು ರೇಬಾ.

“ಹೊಳೆಯೋದೇ ನಂದು,” ಎಂದಳು ಕನಕಲತಾ.

ಇಬ್ಬರೂ ನಾಣ್ಯಗಳನ್ನು ಬೆಳಕಿಗೆ ಹಿಡಿದರು, ಉಜ್ಜಿದರು, ಹುಣಿಸೆಹಣ್ಣಿನಲ್ಲಿ ತೊಳೆದರು. ಎರಡೂ ಸಮನಾಗಿ ಹೊಳೆದವು. ಪಂಚಾನನನನ್ನೇ ಕರೆಸಿದರು. ಅವನು ನೋಡಿ, ತನ್ನ ಕೈಗೆ ತಾನೇ ತಲೆದೂಗಿ, ಬ್ರಹ್ಮನಿಗೂ ಹೇಳಲಾಗದು ಎಂದ. ಬೇಕಾದರೆ ಒಂದಕ್ಕೆ ಇನ್ನೊಂದು ಚುಕ್ಕಿ ಹಾಕಿಕೊಡುತ್ತೇನೆ, ಯಾವುದಕ್ಕೆ ಹಾಕಲಿ, ಎಂದು ಕೇಳಿದ.

ಒಳಗಿನಿಂದ ಅನ್ನ ಸೀಯುವ ವಾಸನೆ ಬಂತು. ಒಬ್ಬಳು ಎದ್ದರೆ ಇನ್ನೊಬ್ಬಳು ತಟ್ಟೆಯ ಹತ್ತಿರ ಒಬ್ಬಳೇ ಉಳಿಯುತ್ತಾಳೆ. ಆದ್ದರಿಂದ ಇಬ್ಬರೂ ಒಟ್ಟಿಗೇ ಎದ್ದರು, ಒಟ್ಟಿಗೇ ಓಡಿದರು, ಪಾತ್ರೆಯ ಎರಡು ಕಿವಿಗಳನ್ನು ಒಬ್ಬೊಬ್ಬರು ಹಿಡಿದು ಇಳಿಸಿದರು.

ಮರುದಿನ ಕೆಲಸಕ್ಕೆ ಹೊರಡುವಾಗ ನಟವರ ಹೆದರುತ್ತ ಹೆಂಡತಿಯನ್ನು ಕೇಳಿದ, “ಒಲೆ ಯಾವಾಗ ಬೇರೆ?”

“ಹುಚ್ಚಾ ನಿಮಗೆ?” ಎಂದಳು ಕನಕಲತಾ ದನಿ ತಗ್ಗಿಸಿ. “ಬೇರೆ ಆದ್ರೆ ಅವಳ ಮೇಲೆ ಕಣ್ಣಿಡೋರು ಯಾರು?”

ಪಕ್ಕದ ಕೋಣೆಯಲ್ಲಿ ರೇಬಾ ಗೌರನಿಗೆ, ಅದೇ ತಗ್ಗಿದ ದನಿಯಲ್ಲಿ, ಅದೇ ಮಾತು ಹೇಳುತ್ತಿದ್ದಳು.